ಬಿಟ್ಟು ಬಿಟ್ಟು

ಚಹಾ ಅರ್ಧ ಮುಗಿದ ಮೇಲಷ್ಟೇ ತನ್ನ ಎರಡೂ ಮೊಣಕೈಗಳು ಮೇಜಿನ ಮೇಲೆ ಊರಿವೆ ಎಂಬುದು ಅವಳ ಗಮನಕ್ಕೆ ಬಂತು. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಮೊಣಕೈ ಬರಿದಾಗಿತ್ತು, ಸುತ್ತ ಜನ ಓಡಾಡುತ್ತಿದ್ದರು, ಅವಳು ಮಾತ್ರ ಏನೂ ಆಗದವಳಂತೆ ಚಹಾ ಕುಡಿಯುತ್ತಿದ್ದಳು. ಹಳೆಯ ಅಭ್ಯಾಸದಂತೆ ಸರಕ್ಕನೆ ಕೈಯೆತ್ತಿ ಕೆಳಗಿನ ಹಲಗೆಯನ್ನು ನೋಡಿದಳು. ಏನೂ ಇರಲಿಲ್ಲ. ಒರೆಸಿ ಮರೆಮಾಡಬೇಕಾದ ಬಿಳಿ ಹೊಟ್ಟಿನ ಒಂದು ಚೂರೂ ಇರಲಿಲ್ಲ. ಕುತ್ತಿಗೆ ಕೊಂಕಿಸಿ ಮೊಣಕೈಯನ್ನು ನೋಡಿಕೊಂಡಳು. ವರ್ಷಗಟ್ಟಲೆ ಕೆಂಪಗೆ ದಪ್ಪಗೆ ತಳವೂರಿ, ಮೇಲೊಂದು ಬೆಳ್ಳಿ ಬಣ್ಣದ ಪೊರೆ ಹೊದ್ದು ಕೂತಿದ್ದ ಜಾಗದಲ್ಲಿ ಈಗ ಬರೀ ಚರ್ಮ. ಸುತ್ತಲಿನದಕ್ಕಿಂತ ಒಂದಿಷ್ಟು ತಿಳಿಯಾದ, ಬೇರೆ ಯಾರದ್ದೋ ಎನ್ನಿಸುವಷ್ಟು ನಯವಾದ ಚರ್ಮ. ಯಾರಿಗಾದರೂ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಎಂದು ಹೊಳೆಯಲಿಲ್ಲ. ಮುಲಾಮಿನ ಟ್ಯೂಬಿಗೆ ಕೈಮುಗಿದರೆ ನೋಡಿದವರು ತಲೆ ಕೆಟ್ಟಿದೆ ಅನ್ನುತ್ತಾರೆ. "ಏನು ಚಿಕ್ಕ ಕತ್ತರಿ, ಮೊಣಕೈ ನೋಡಿ ಭವಿಷ್ಯ ಹೇಳೋದು ಯಾವಾಗ ಕಲಿತೆ?" ಎಂದು ಇಸ್ತ್ರಿಯವನು ಹೆಗಲ ಮೇಲೆ ಪ್ಯಾಂಟುಗಳನ್ನು ಹೇರಿಕೊಂಡು ಹಾದುಹೋದ. ಕೋಟು ಹೊಲಿಯುವ ಆ ಅಂಗಡಿಯಲ್ಲಿ ಅವಳಿಗೆ ಬೇರೆ ಹೆಸರಿಲ್ಲ. ಅವಳ ಗಂಡನ ತಾಯಿ ಇದೇ ಮೇಜಿನ ಮುಂದೆ ನಿಂತು ಕಣ್ಣು ಮಂಜಾಗುವ ತನಕ ಬಟ್ಟೆ ಕತ್ತರಿಸಿ 'ದೊಡ್ಡ ಕತ್ತರಿ' ಎನ್ನಿಸಿಕೊಂಡಿದ್ದರು. ಸೊಸೆಗೆ ಕೆಲಸ ಕಲಿಸಿ ಈ ಮೇಜಿನ ಮುಂದೆ ನಿಲ್ಲಿಸಿದವರೂ ಅವರೇ. "ಒಳ್ಳೇ ಕಾಲ ಬರುತ್ತೆ ಅಂತಿದೆ" ಎಂದಳು ಅವಳು, ನಗುತ್ತ. ನಗು ಮುಗಿಯುವುದರೊಳಗೆ ಬೆನ್ನು ನೆನಪಾಯಿತು. ಮಧ್ಯಾಹ್ನ ಡಾಕ್ಟರಮ್ಮನಿಗೆ ಬೆನ್ನು ತೋರಿಸಬೇಕು. ಮೊಣಕೈ ಅವಳ ಕೈಗೆ ಎಟುಕುತ್ತಿತ್ತು, ಅವಳೇ ಹಚ್ಚಿಕೊಂಡಳು, ವಾಸಿಯಾಯಿತು. ಬೆನ್ನಿಗೆ ಅತ್ತೆ ಹಚ್ಚಿದ್ದರು. ಹಚ್ಚಿದ್ದರು ಎನ್ನಬೇಕೋ, ಮುಟ್ಟಿಯೂ ಮುಟ್ಟದ ಹಾಗೆ ಮುಗಿಸಿದ್ದರು ಎನ್ನಬೇಕೋ ಅವಳಿಗೆ ತಿಳಿಯದು.

ಮುಂದಿದ್ದ ಬಟ್ಟೆ ಬಿಳಿಯದು. ಕಳೆದ ಚಳಿಗಾಲದಿಂದ ಅವಳ ಮುಂದೆ ಬರುತ್ತಿದ್ದುದೆಲ್ಲ ಬಿಳಿಯದೇ: ಆಸ್ಪತ್ರೆಯವರ ಕೋಟು, ಅಡಿಗೆಯವರ ಅಂಗಿ, ಕಾಲೇಜಿನ ಪ್ರಯೋಗಾಲಯದ ಮಕ್ಕಳಿಗೆ ಬೇಕಾದ ಮೇಲಂಗಿ. ಅದಕ್ಕೂ ಮೊದಲು ಕಪ್ಪು ಬಟ್ಟೆಯಲ್ಲಿ ಅವಳದು ಎತ್ತಿದ ಕೈ. ಒಂದು ದಿನ ಕೋಟಿನ ಅಳತೆ ನೋಡಲು ಬಂದ ವಕೀಲರೊಬ್ಬರು ಕನ್ನಡಿಯ ಮುಂದೆ ನಿಂತು, ಆಗಷ್ಟೇ ಅವಳು ತೊಡಿಸಿದ್ದ ಹೊಸ ಕಪ್ಪು ಕೋಟಿನ ಭುಜವನ್ನು ಎರಡು ಬೆರಳಲ್ಲಿ ಝಾಡಿಸಿ, "ನಿಮ್ಮ ಛಾವಣಿ ಸುಣ್ಣ ಉದುರ್ತಾ ಇದೆ ಕಣಮ್ಮ" ಎಂದರು. ಅವರು ತಲೆಯೆತ್ತಿ ಛಾವಣಿ ನೋಡಿದರು. ಅವಳೂ ನೋಡಿದಳು. ಅಂಗಡಿಯ ಯಜಮಾನರೂ ಬಂದು ನೋಡಿದರು. ಛಾವಣಿಗೆ ಆ ವರ್ಷವೇ ಬಣ್ಣ ಹೊಡೆಸಿದ್ದು ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು. ಯಜಮಾನರು ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ಅವಳ ಮೇಜಿನ ಮೇಲೆ ಬಿಳಿ ಬಟ್ಟೆಯ ದೊಡ್ಡ ಸುರುಳಿ ಬಂದು ಕೂತಿತ್ತು. ಬೈದಿದ್ದರೆ ಒಂದು ದಿನ ಅತ್ತು ಮರೆಯಬಹುದಿತ್ತು. ಅವರ ಒಳ್ಳೆಯತನವನ್ನು ಮಾತ್ರ ದಿನಾ ಬೆಳಿಗ್ಗೆ ಬಿಚ್ಚಿ ಹಾಸಿ ಕತ್ತರಿಸಬೇಕಾಗಿತ್ತು. ಲಾರಿ ಓಡಿಸುವ ಗಂಡನೂ ಅದೇ ಜಾತಿಯ ಒಳ್ಳೆಯವನು. ತಿಂಗಳಲ್ಲಿ ಕೆಲವೇ ದಿನ ಮನೆಯಲ್ಲಿರುತ್ತಿದ್ದ ಅವನು, ಇದ್ದ ದಿನ ಅವಳಿಗಿಂತ ಮೊದಲು ಎದ್ದು ಹಾಸಿಗೆಯ ಮೇಲಿನ ಚಾದರವನ್ನು ಕಿಟಕಿಯಾಚೆ ಕೊಡವುತ್ತಿದ್ದ. ಕೊಡವುವಾಗ ಶಿಳ್ಳೆ ಹಾಕುತ್ತಿದ್ದ. ಇದೇನು ದೊಡ್ಡ ವಿಷಯವಲ್ಲ ಎಂದು ಅವಳಿಗೆ ತೋರಿಸಲು ಹಾಕುತ್ತಿದ್ದ ಶಿಳ್ಳೆ ಅದು. ಒಳಗೆ ನಿದ್ದೆಯ ನಟನೆ ಮಾಡುತ್ತ ಮಲಗಿರುತ್ತಿದ್ದ ಅವಳಿಗೆ ಆ ಶಿಳ್ಳೆ ಕೇಳಿದರೆ ಸಾಕು, ಮೈಯೆಲ್ಲ ಕುಗ್ಗುತ್ತಿತ್ತು.

ಅತ್ತೆ ಮಾತ್ರ ಆ ಜಾತಿಯವರಲ್ಲ. ಇದ್ದದ್ದನ್ನು ಇದ್ದ ಹಾಗೆ ಆಡುವ ಬಾಯಿ ಅವರದು. "ಇದನ್ನ ಮುಚ್ಚಿಟ್ಕೊಂಡು ಏನು ಮರಿ ಮಾಡಿಸ್ತೀಯಾ?" ಎಂದು ಅವಳನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದವರು ಅವರೇ. ಅಲ್ಲಿ ಡಾಕ್ಟರಮ್ಮ ಮೊಣಕೈ ನೋಡಿ, ನೆತ್ತಿ ನೋಡಿ, ಪರದೆಯ ಹಿಂದೆ ಬೆನ್ನು ನೋಡಿ, "ಸೋರಿಯಾಸಿಸ್. ಅಂಟೋದಲ್ಲ. ಯಾರ ತಪ್ಪೂ ಅಲ್ಲ" ಎಂದರು. ತಪ್ಪಲ್ಲ ಎಂಬ ಮಾತು ಕೇಳಿ ಅವಳಿಗೆ ಇದ್ದಕ್ಕಿದ್ದಂತೆ ಕಣ್ಣು ತುಂಬಿತ್ತು. ಚರ್ಮ ಒಂದು ತಿಂಗಳು ತೆಗೆದುಕೊಂಡು ಮಾಡಬೇಕಾದ ಕೆಲಸವನ್ನು ಅವಸರ ಅವಸರವಾಗಿ ನಾಲ್ಕಾರು ದಿನದಲ್ಲಿ ಮಾಡಿ ಎಸೆಯುತ್ತಿದೆ, ಅಷ್ಟೇ, ಎಂದರು ಡಾಕ್ಟರಮ್ಮ. ಅದು ಅವಳಿಗೆ ತಕ್ಷಣ ಅರ್ಥವಾಯಿತು. ಹಬ್ಬದ ಆರ್ಡರುಗಳಿಗೆ ಹೆದರಿ ಅವಸರದಲ್ಲಿ ಕೆಟ್ಟ ಕೆಲಸ ಮಾಡುವ ಅಂಗಡಿಗಳನ್ನು ಅವಳು ನೋಡಿದ್ದಳು. ಆದರೆ ಸ್ಟೆರಾಯ್ಡ್ ಮುಲಾಮು ಎಂಬ ಮಾತು ಬಂದಾಗ ಅವಳು ಚೀಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಸ್ಟೆರಾಯ್ಡ್ ತೆಗೆದುಕೊಂಡರೆ ಮುಖ ಊದುತ್ತದೆ, ಮೂಳೆ ಪುಡಿಯಾಗುತ್ತದೆ ಎಂದು ಇಸ್ತ್ರಿಯವನು ಯಾರದೋ ಕಥೆ ಹೇಳಿ ಅವಳ ತಲೆಯಲ್ಲಿ ಹುಳ ಬಿಟ್ಟಿದ್ದ. ಡಾಕ್ಟರಮ್ಮ ನಕ್ಕರು. "ಅದು ವರ್ಷಗಟ್ಟಲೆ ಮಾತ್ರೆ ನುಂಗಿದವರ ಕಥೆ ಇರಬೇಕು. ನೋಡಿ, ನಿಮ್ಮ ಎರಡು ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಎರಡು ಗ್ರಂಥಿ ಇದೆ. ದಿನಾ ನೀವು ಏಳೋಕೆ ಮುಂಚೆ ಅವು ಎದ್ದು ಒಂದು ಹಾರ್ಮೋನು ತಯಾರು ಮಾಡಿ ರಕ್ತಕ್ಕೆ ಬಿಡ್ತವೆ. ಮೈಯಲ್ಲಿ ಎಲ್ಲಿ ಉರಿ ಜಾಸ್ತಿಯಾಗಿದೆಯೋ ಅಲ್ಲಿ ಸಮಾಧಾನ ಮಾಡೋದು ಅದರ ಕೆಲಸ. ಈ ಮುಲಾಮಿನಲ್ಲಿ ಇರೋದು ಅದರ ಹತ್ತಿರದ ಸಂಬಂಧಿ. ಹೆದರಬೇಡಿ. ಹಾಗಂತ ಹೆದರಿಕೆ ಬಿಟ್ಟೂ ಕೂರಬೇಡಿ. ಬೇಕಾಬಿಟ್ಟಿ ಬಳಿದ್ರೆ ಚರ್ಮ ತೆಳ್ಳಗಾಗುತ್ತೆ. ನನ್ನ ಕೇಳದೆ ತಟ್ಟಂತ ನಿಲ್ಲಿಸಿದ್ರೆ ಮುನಿಸ್ಕೊಂಡು ದುಪ್ಪಟ್ಟಾಗಿ ವಾಪಸ್ ಬರಬಹುದು." ತನ್ನೊಳಗೆ ಎರಡು ಟೋಪಿಗಳು ಬೆಳಗಾಗುವ ಮೊದಲೇ ಎದ್ದು ತನಗಾಗಿ ಕೆಲಸಕ್ಕೆ ಕೂರುತ್ತವೆ ಎಂಬುದು ಅವಳಿಗೆ ಆ ತನಕ ಗೊತ್ತಿರಲಿಲ್ಲ. ಇಷ್ಟು ವರ್ಷ ತನ್ನ ಮೈಯನ್ನು ತಾನು ಬೈದದ್ದೆಷ್ಟು! ಪರದೆಯ ಹಿಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ಆಚೆ ಅತ್ತೆಗೆ ಹೇಳುತ್ತಿದ್ದುದು ಕೇಳಿಸಿತು. "ಬೆನ್ನಿಗೆ ನೀವೇ ಹಚ್ಚಬೇಕು ಅಮ್ಮ. ಇದು ಜೋರು ಔಷಧಿ. ಒಂದೇ ಸಮನೆ ಹಚ್ಚಬೇಡಿ, ಬಿಟ್ಟು ಬಿಟ್ಟು ಹಚ್ಚಿ. ಆದಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ." ಅತ್ತೆ, "ಆಯ್ತು, ಅದೇನು ದೊಡ್ಡ ಕೆಲಸ" ಎಂದಿದ್ದರು.

ಹಚ್ಚುವ ದಿನ ಬಂದರೆ ಸಂಜೆ ಅವಳು ಟ್ಯೂಬು ತಂದಿಟ್ಟು, ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಹಚ್ಚಬಾರದ ದಿನ ಟ್ಯೂಬು ಬೀರುವಿನಲ್ಲೇ ಇರುತ್ತಿತ್ತು. ಡಾಕ್ಟರಮ್ಮನ ಚೀಟಿ ನೋಡಿ ದಿನದ ಲೆಕ್ಕ ಇಡುವುದೆಲ್ಲ ಅವಳದು. ಅತ್ತೆಯದು ಬೆರಳು ಮಾತ್ರ. ಆ ಬೆರಳು ಅವಳ ಬೆನ್ನನ್ನು ಒಂದು ಕಡೆ ಒತ್ತುತ್ತಿತ್ತು, ತಕ್ಷಣ ಮೇಲೇಳುತ್ತಿತ್ತು. ಸ್ವಲ್ಪ ಆಚೆ ಹೋಗಿ ಮತ್ತೆ ಒತ್ತುತ್ತಿತ್ತು, ಮತ್ತೆ ಮೇಲೇಳುತ್ತಿತ್ತು. ಉಜ್ಜುವುದಿಲ್ಲ, ಸವರುವುದಿಲ್ಲ, ಒಂದು ಕ್ಷಣ ಹೆಚ್ಚಿಗೆ ನಿಲ್ಲುವುದಿಲ್ಲ. ಮನೆಯಲ್ಲಿ ಬೆಳಗಿನಿಂದ ಸಂಜೆ ತನಕ ಗೋಡೆಯ ಜೊತೆಗಾದರೂ ಮಾತಾಡುವ ಅತ್ತೆ ಆ ಹೊತ್ತಿನಲ್ಲಿ ತುಟಿ ಎರಡು ಮಾಡುತ್ತಿರಲಿಲ್ಲ. ಉಸಿರು ಬಿಗಿ ಹಿಡಿದಿರುವುದು ಅವಳಿಗೆ ಕೇಳಿಸುತ್ತಿತ್ತು. ಉಸಿರು ಕೇಳಿಸದೆ ಇರುವುದನ್ನು ಕೇಳಿಸುವುದು ಎನ್ನಬಹುದಾದರೆ. ನಾತಕ್ಕೆ ಮೂಗು ಮುಚ್ಚಿಕೊಂಡವರು ಹೀಗೇ ಅಲ್ಲವೇ ಉಸಿರು ಹಿಡಿಯುವುದು? ಅಂಗಡಿಯಲ್ಲಿ ಇದೇ ಅತ್ತೆ ಕೋಟಿನ ಒಳಗೆ ಮರೆಯಾಗುವ ಅಗ್ಗದ ಅಸ್ತರಿನ ಬಟ್ಟೆಯನ್ನೂ ಇಡೀ ಅಂಗೈಯಿಂದ ನೀವಿ ಹಾಸುತ್ತಿದ್ದರು. "ಬಟ್ಟೆ ಏನು ಹೇಳುತ್ತೆ ಅಂತ ಅಂಗೈಗೆ ಗೊತ್ತಾಗೋದು" ಎಂದು ಅವಳ ಕೈಯನ್ನು ಹಿಡಿದು ಬಟ್ಟೆಯ ಮೇಲೆ ಇಟ್ಟಿದ್ದರು. ಎರಡನೆಯ ದರ್ಜೆಯ ಅಸ್ತರಿಗೆ ಸಿಕ್ಕಿದ್ದು ತನ್ನ ಬೆನ್ನಿಗೆ ಸಿಗಲಿಲ್ಲ. ಮುಗಿದ ಮೇಲೆ ಬಚ್ಚಲಲ್ಲಿ ನಲ್ಲಿಯ ಸದ್ದು. ಕೈ ತೊಳೆಯಲು ಹೇಳಿದವರು ಡಾಕ್ಟರಮ್ಮನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡರೂ ನಲ್ಲಿ ನಿಲ್ಲುವ ತನಕ ಅವಳು ಅಂಗಿ ಹಾಕಿಕೊಳ್ಳದೆ ಹಾಗೇ ಕೂತಿರುತ್ತಿದ್ದಳು. ಆದರೂ, ಆದರೂ ಮುಂದಿನ ಸರದಿಗೆ ಅತ್ತೆ ಬರುತ್ತಿದ್ದರು. ಕರೆಯದೆ ಬರುತ್ತಿದ್ದರು. ಹೇಸಿಗೆಪಟ್ಟುಕೊಂಡಾದರೂ ಮಾಡುತ್ತಿದ್ದಾರಲ್ಲ, ಇಷ್ಟು ಯಾರು ಮಾಡುತ್ತಾರೆ ಎಂದು ಅವಳು ಋಣಿಯಾಗಿರಲು ನೋಡಿದಳು. ಆಗಿಯೂ ಇದ್ದಳು. ಬರೀ ಕೃತಜ್ಞತೆಯೊಂದೇ ಇದ್ದಿದ್ದರೆ ಸುಖವಾಗಿರುತ್ತಿತ್ತು. ಅದರ ಹೊಟ್ಟೆಯೊಳಗೆ ಒಂದು ಮುಳ್ಳು ಸೇರಿಕೊಂಡಿತ್ತು. ತುದಿ ಬೆರಳಿಗಿಂತ ಹೆಚ್ಚಿಗೆ ತನ್ನನ್ನು ಯಾರೂ ಮುಟ್ಟಲಾರರು ಎಂಬುದು ಖಾತ್ರಿಯಾಗಿಬಿಟ್ಟರೆ, ಆಮೇಲೆ ಚರ್ಮ ವಾಸಿಯಾಗಿ ಪ್ರಯೋಜನವೇನು?

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಆಗಲೇ ಬಂದು ಜಾಗ ಹಿಡಿದಿದ್ದರು. ಪಕ್ಕದವರ ಕೋಟಿನ ತೋಳು ನೋಡಿ, "ಯಾರಪ್ಪ ಇದನ್ನ ಕೂರಿಸಿದ್ದು, ಎಡಗೈದು ಬಲಗೈಗೆ ಬಂದಿದೆ" ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದರು. ಕಣ್ಣು ಮಂಜಾದರೂ ಅಂಥದ್ದೆಲ್ಲ ಅವರಿಗೆ ಕಾಣುತ್ತದೆ. ಅವಳು ನಗಲಿಲ್ಲ. ಬೆನ್ನು ವಾಸಿಯಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಿ ಬಿಚ್ಚುವಾಗ ಒಳಗಡೆ ಇನ್ನೂ ಹೊಟ್ಟು ಇರುತ್ತಿತ್ತು, ಮೊದಲಿಗಿಂತ ಕಡಿಮೆ, ಆದರೆ ಇರುತ್ತಿತ್ತು. ಡಾಕ್ಟರಮ್ಮ ನೋಡಿದ ಕೂಡಲೇ ಕೇಳುತ್ತಾರೆ, ಮೊಣಕೈ ಹೀಗಿದೆ, ಬೆನ್ನೇಕೆ ಹಾಗಿದೆ, ಸರಿಯಾಗಿ ಹಚ್ಚಿಲ್ಲವೇ? ಆಗ ಅತ್ತೆಯ ಮುಂದೆ ತಾನೇನು ಹೇಳಬೇಕು? ಪಾಪ, ಅವರಿಗೆ ಮುಟ್ಟಲು ಆಗುವುದಿಲ್ಲ ಎಂದೇ? ಒಂದು ಸುಳ್ಳು ಕಟ್ಟಿಕೊಂಡಳು: ನನಗೇ ಕಚಗುಳಿ, ನಾನೇ ಬೇಡ ಅಂತಿದ್ದೆ. ಚೆನ್ನಾಗಿದೆ ಅನ್ನಿಸಿತು. ಕರೆ ಬಂದಾಗ ಆ ಸುಳ್ಳನ್ನು ಬಾಯಲ್ಲಿ ಸಿದ್ಧ ಇಟ್ಟುಕೊಂಡೇ ಒಳಗೆ ಹೋದಳು.

ಮೊಣಕೈ ನೋಡಿ ಡಾಕ್ಟರಮ್ಮ, "ಭೇಷ್" ಎಂದರು. ಪರದೆ ಎಳೆದು ಬೆನ್ನು ನೋಡಿದವರು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದೇನಿದು?" ಎಂದರು. "ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಒಂದು ಫೋಟೋ ತೆಗೀಲಾ? ನೀವೂ ನೋಡಬೇಕು." ತೆಗೆದು, ತಮ್ಮ ಫೋನನ್ನು ಅವಳ ಹೆಗಲ ಮೇಲಿಂದ ಮುಂದಕ್ಕೆ ಚಾಚಿದರು. ತನ್ನ ಬೆನ್ನನ್ನು ಅವಳು ಈ ತನಕ ನೋಡಿರಲಿಲ್ಲ. ನೋಡದೆ ಇರಲು ಕನ್ನಡಿಗಳಿಗೆ ಸದಾ ಎದೆ ಕೊಟ್ಟೇ ನಿಂತವಳು. ಕೆಂಪು ದೊಡ್ಡ ದೊಡ್ಡ ಪಟ್ಟೆಗಳು, ಅಂಚು ಎದ್ದು ನಿಂತಿರುವಂಥವು. ಅವುಗಳ ಮೇಲೆ, ಹೆಗಲಿನಿಂದ ಸೊಂಟದ ತನಕ, ಸಾಲು ಸಾಲಾಗಿ ತಿಳಿ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಬೆರಳ ತುದಿಯಷ್ಟು. ಚುಕ್ಕೆಯಿಂದ ಚುಕ್ಕೆಗೆ ಒಂದೇ ಅಂತರ, ಗೆರೆ ಎಳೆದಂಥ ನೇರ. ಒಂದು ಸಾಲಿನ ಚುಕ್ಕೆ ಅದರ ಕೆಳಗಿನ ಸಾಲಿನ ಖಾಲಿ ಜಾಗದ ಮೇಲೆ ಬರುವಂತೆ ಒಂದಿಷ್ಟು ಸರಿದು ಕೂತಿತ್ತು. ಆ ಕೈ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋಟಿನ ಎದೆಯೊಳಗೆ ಗಟ್ಟಿ ಬಟ್ಟೆಯನ್ನು ಕೂರಿಸುವ ಮುಂಚೆ ಹಾಕುವ ಕಚ್ಚಾ ಹೊಲಿಗೆ ಅದು. ಒಂದು ಕಡೆ ಚುಚ್ಚಿ, ಒಂದಿಷ್ಟು ಬಿಟ್ಟು, ಮತ್ತೆ ಚುಚ್ಚಿ ಹೋಗುವ ಹೊಲಿಗೆ. ಅಂಗಡಿಯಲ್ಲಿ ಅದನ್ನು ಇಷ್ಟು ಸಮವಾಗಿ ಹಾಕಿದ ಕೈ ಒಂದೇ.

"ಅಮ್ಮ, ನೀವು ಹೇಗೆ ಹಚ್ಚಿದ್ರಿ?" ಎಂದು ಡಾಕ್ಟರಮ್ಮ ಪರದೆಯಾಚೆಗೆ ಕೇಳಿದರು.

"ನೀವು ಹೇಳಿದ ಹಾಗೇ" ಎಂದರು ಅತ್ತೆ, ಒಳಗೆ ಬರುತ್ತ. "ಒಂದೇ ಸಮ ಹಚ್ಚಬೇಡಿ, ಬಿಟ್ಟು ಬಿಟ್ಟು ಹಚ್ಚಿ ಅಂದ್ರಲ್ಲ. ಬಿಟ್ಟು ಬಿಟ್ಟೇ ಹಚ್ಚಿದೆ. ಜೋರು ಔಷಧಿ ಅಂತ ಬೇರೆ ಹೇಳಿದ್ರಿ, ಬಿಡಬೇಕಾದ ಜಾಗಕ್ಕೆ ತಾಗಿ ಚರ್ಮ ತೆಳ್ಳಗಾದ್ರೆ ಏನು ಗತಿ ಅಂತ ನಂಗೆ ಹೆದರಿಕೆ. ನನ್ನ ಕಣ್ಣೋ ಮಂಜು. ಹೋದ ಸಲ ಹಚ್ಚಿದ ಜಾಗವೇ ಈ ಸಲವೂ ಸಿಗಬೇಕಲ್ಲ! ಬೆರಳಲ್ಲೇ ತಡಕಿ, ಉಸಿರು ಬಿಗಿ ಹಿಡಿದು, ಸಾಲು ತಪ್ಪದ ಹಾಗೆ ಹಚ್ಚಿದೀನಿ. ಯಾಕೆ, ಸಾಲು ಸೊಟ್ಟ ಆಗಿದೆಯಾ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕಣ್ಣೊರೆಸಿಕೊಳ್ಳುವಾಗ ಅತ್ತೆಯ ಮುಖ ಸಪ್ಪಗಾದುದನ್ನು ಕಂಡು ತಟ್ಟನೆ ನಿಲ್ಲಿಸಿ, ತಪ್ಪು ತನ್ನದೇ ಎಂದರು. ದಿನ ಬಿಟ್ಟು ಹಚ್ಚಿ ಎನ್ನಬೇಕಿತ್ತು, ಜಾಗ ಬಿಟ್ಟು ಅಲ್ಲ. "ಆದರೂ ನೋಡಿ ಅಮ್ಮ, ನಿಮ್ಮ ಬೆರಳು ತಾಗಿದ ಕಡೆಯೆಲ್ಲ ವಾಸಿಯಾಗಿದೆ. ಔಷಧಿ ಕೆಲಸ ಮಾಡುತ್ತೋ ಇಲ್ಲವೋ ಅಂತ ಅನುಮಾನ ಪಡೋರಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇ ಬೆನ್ನು ನಂಗೆ ಸಿಗಲ್ಲ." ಅತ್ತೆ ನಗಲಿಲ್ಲ. "ಹಾಗಾದ್ರೆ ಕಚ್ಚಾ ಆಯ್ತು, ಪಕ್ಕಾ ಹಾಕಬೇಕು. ತೋರಿಸಿ, ಹೇಗೆ" ಎಂದು ತೋಳು ಮೇಲಕ್ಕೆ ಸರಿಸಿದರು. ಬೆರಳ ಕೊನೆಯ ಗೆಣ್ಣಿನುದ್ದಕ್ಕೆ ಟ್ಯೂಬಿನಿಂದ ಒಂದು ಎಳೆ ಹಿಂಡಿಕೊಂಡರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು, ಕೆಂಪಿರುವಲ್ಲಿ ಮಾತ್ರ ತೆಳ್ಳಗೆ ಹರಡಿ, ಎಂದು ಡಾಕ್ಟರಮ್ಮ ತೋರಿಸಿದರು. ಅತ್ತೆಯ ಕೈ ಬೆನ್ನಿಗೆ ಬಂತು. ಅದು ಮೇಲೇಳಲಿಲ್ಲ. ಒರಟಾದ, ಕತ್ತರಿಯ ಹಿಡಿ ಕೂತು ಕೂತು ದಡ್ಡುಗಟ್ಟಿದ ಕೈ, ಹೆಗಲಿನಿಂದ ಸೊಂಟಕ್ಕೆ ನಿಧಾನವಾಗಿ ನೀವುತ್ತ ಇಳಿಯಿತು. ಅವಳು ಬಾಯಲ್ಲಿ ಸಿದ್ಧ ಇಟ್ಟುಕೊಂಡಿದ್ದ ಸುಳ್ಳು ಎತ್ತ ಹೋಯಿತೋ. ಗೋಡೆಗೆ ಮುಖ ಮಾಡಿ ಕೂತಿದ್ದರಿಂದ ಅವಳು ಅತ್ತದ್ದು ಇಬ್ಬರಿಗೂ ಕಾಣಲಿಲ್ಲ. ತಾನು ಹೇಸಿಗೆ ಎಂದುಕೊಂಡ ಒಂದೊಂದು ಮುಟ್ಟುವಿಕೆಯ ಹಿಂದೆಯೂ ಅಷ್ಟು ಜೋಪಾನ ಇತ್ತು. ಮಂಜುಗಣ್ಣಿನ ಆ ಹಿರಿಜೀವ ತನ್ನ ಬೆನ್ನನ್ನು ಒಂದು ಬೆಲೆಬಾಳುವ ಬಟ್ಟೆಯೆಂದು ಎಣಿಸಿ ಹಾಳಾಗದ ಹಾಗೆ ಕೆಲಸ ಮಾಡಿತ್ತು, ಆ ಕೈಯ ಕೆಳಗೆ ತಾನು ಮುಳ್ಳು ಎಣಿಸುತ್ತ ಕೂತಿದ್ದಳು.

ಹೊರಗೆ ಬಂದ ಮೇಲೆ ಅತ್ತೆ ಒಂದು ಹೆಜ್ಜೆ ಮುಂದೆಯೇ ನಡೆದರು. ಮಧ್ಯಾಹ್ನದ ಬಿಸಿಲು ಅಂಗಡಿಗಳ ಗಾಜಿನ ಮೇಲೆ ಬಿದ್ದಿತ್ತು. ಅವಳ ಮನಸ್ಸು ಹಗುರಾಗಿ, ಕಂಡ ಕಂಡವರಿಗೆಲ್ಲ ಒಳ್ಳೆಯದಾಗಲಿ ಅನ್ನುತ್ತಿತ್ತು: ಡಾಕ್ಟರಮ್ಮನಿಗೆ, ಟ್ಯೂಬು ತಯಾರಿಸಿದ ಗುರುತಿಲ್ಲದವರಿಗೆ, ಒಳಗೆ ಟೋಪಿಯ ಹಾಗೆ ಕೂತ ಆ ಇಬ್ಬರಿಗೆ, ಸುಣ್ಣ ಎಂದುಕೊಂಡ ವಕೀಲರಿಗೂ. ರಸ್ತೆಯ ತಿರುವಿನಲ್ಲಿ ಅತ್ತೆ ನಿಂತರು.

"ಒಂದು ಮಾತು ಕೇಳ್ತೀನಿ. ಬೆನ್ನು ನಿಂದು. ನಾನು ಅಲ್ಲಲ್ಲಿ ಬಿಡ್ತಾ ಇದ್ದದ್ದು ನಿಂಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಾಗ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

ಕಚಗುಳಿಯ ಸುಳ್ಳು ಬೇಕಾದರೆ ಇನ್ನೂ ಕೈಗೆ ಸಿಗುತ್ತಿತ್ತು. ಆದರೆ ಆ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. "ನಿಮಗೆ ಹೇಸಿಗೆ ಆಗ್ತಿದೆ ಅಂದ್ಕೊಂಡಿದ್ದೆ ಅತ್ತೆ. ಅದಕ್ಕೇ ತುದಿ ಬೆರಳಲ್ಲಿ ಮುಟ್ತೀರಿ ಅಂತ." ಹೇಳಿ ತಲೆ ತಗ್ಗಿಸಿದಳು. ಛೀ ಹುಚ್ಚಿ, ನಂಗ್ಯಾಕೆ ಹೇಸಿಗೆ ಎಂಬ ಮಾತಿಗೆ ಅವಳ ಕಿವಿ ಕಾದಿತ್ತು.

ಅತ್ತೆ ಕನ್ನಡಕ ತೆಗೆದು ಸೆರಗಂಚಿನಲ್ಲಿ ಒರೆಸಿದರು. "ಆಗಿತ್ತು" ಎಂದರು. "ಸುಳ್ಳು ಯಾಕೆ ಹೇಳಲಿ. ಮೊದಲನೇ ದಿನ ಆಗಿತ್ತು. ಕೈ ತೊಳೆದು ಊಟಕ್ಕೆ ಕೂತ್ರೆ ತುತ್ತು ಇಳೀಲಿಲ್ಲ. ಇನ್ನು ನನ್ನ ಕೈಲಾಗಲ್ಲ, ಮಗ ಬಂದಾಗ ಹಚ್ಚಲಿ ಅಂದ್ಕೊಂಡೆ. ಮುಂದಿನ ಸರದಿಗೆ ನೋಡಿದ್ರೆ ನೀನು ಆಗಲೇ ಕಿಟಕಿ ಹತ್ತಿರ ಕೂತಿದ್ದೆ. ಬಂದೆ. ಆಮೇಲೆ ಯಾವತ್ತು ಹೋಯ್ತೋ ಗೊತ್ತಿಲ್ಲ. ಹುಡುಕಿದ್ರೂ ಈಗ ಇಲ್ಲ."

ಅವಳಿಗೆ ನೋವಾಗಲಿಲ್ಲ. ನೋವಾಗಬೇಕಿತ್ತು ಎಂದುಕೊಂಡು ಒಳಗೆ ಹುಡುಕಿದಳು, ಇರಲಿಲ್ಲ. ಯಜಮಾನರ ಬಿಳಿ ಬಟ್ಟೆ, ಗಂಡನ ಶಿಳ್ಳೆ, ಎಲ್ಲವೂ ಹೇಸಿಗೆ ಇಲ್ಲ ಎಂದು ಹೇಳುತ್ತಿದ್ದವು. ಒಂದನ್ನೂ ಅವಳು ನಂಬಿರಲಿಲ್ಲ. ಇದೆ ಎಂದು ಒಪ್ಪಿಕೊಂಡು, ಅದನ್ನು ಕಟ್ಟಿಕೊಂಡೇ ಕೋಣೆಯೊಳಗೆ ನಡೆದುಬಂದು, ಮುಟ್ಟಿ ಮುಟ್ಟಿ ಅದನ್ನು ಸವೆಸಿದವರು ಇವರೊಬ್ಬರೇ. ತಾನಾಗಿ ಹುಟ್ಟಿದ ಪ್ರೀತಿಗಾದರೆ ಯಾರಿಗೆ ಥ್ಯಾಂಕ್ಸ್ ಹೇಳುವುದು? ಇದು ಇವರು ತನಗಾಗಿ ಮಾಡಿದ್ದು. "ದೊಡ್ಡ ಉಪಕಾರ ಮಾಡಿದ್ರಿ ಅತ್ತೆ" ಎಂದಳು.

"ಉಪಕಾರ ಗಿಪಕಾರ ಎಲ್ಲ ಇರಲಿ" ಎಂದರು ಅತ್ತೆ, ಕನ್ನಡಕ ಹಾಕಿಕೊಂಡು ಅವಳನ್ನು ನೋಡುತ್ತ. "ನಂಗೆ ಹೋಯ್ತು. ನಿಂಗೇ ಇನ್ನೂ ಹೋಗಿಲ್ಲ ಅಂತ ಕಾಣುತ್ತೆ."

ನನ್ನ ಮೈಗೆ ನಾನೇಕೆ ಹೇಸಲಿ ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ತನ್ನದೇ ಕೈ ಅಂಗಿಯ ತೋಳನ್ನು ಮೊಣಕೈಯ ಮೇಲೆ ಎಳೆಯುತ್ತಿರುವುದು ಕಂಡಿತು. ಜನ ಅವರಿಬ್ಬರ ಪಕ್ಕದಿಂದ ದಾಟಿ ಹೋಗುತ್ತಿದ್ದರು.

"ಹೌದು ಅತ್ತೆ" ಎಂದಳು. "ಹೋಗಿಲ್ಲ."

"ಹಾಗಾದ್ರೆ ಡಾಕ್ಟರಮ್ಮನ ಹತ್ರ ಆ ಫೋಟೋ ಇಸ್ಕೊಂಡು ಬಾ ಹೋಗು" ಎಂದರು ಅತ್ತೆ. "ದಿನಾ ನೋಡು. ನಂಗೆ ಮುಟ್ಟಿ ಮುಟ್ಟಿ ಹೋಯ್ತು, ನಿಂಗೆ ನೋಡಿ ನೋಡಿ ಹೋಗುತ್ತೆ."